ರ‍್ಯಾನಕ್ ಬಯಲಿನ ತಿರುವಿನಲ್ಲಿ ಇಷ್ಬೆಲ್

"ಏಯ್! ಪಕ್ಕಕ್ಕೆ ಸರಿಯಮ್ಮಾ! ನಮ್ಮ ಫೋಟೋಗೆ ಅಡ್ಡ ನಿಂತಿದ್ದೀಯ!"

ದಿಬ್ಬದ ಮೇಲಿಂದ ಕೂಗಿದವನು ಕ್ಯಾಮೆರಾ ಕ್ಲಬ್ಬಿನ ಕಾರ್ಯದರ್ಶಿ ಹೇಮಿಶ್. ಅವನ ಹಿಂದೆ ಎಂಟು ಗಂಡಸರು, ಎಂಟು ಟ್ರೈಪಾಡ್.

ಇಷ್ಬೆಲ್ ತಿರುಗಿಯೂ ನೋಡಲಿಲ್ಲ. ವಾರವಿಡೀ ಅಂಚೆ ವ್ಯಾನ್ ಓಡಿಸುವ ಅವಳಿಗೆ ಸಿಗುವುದೇ ಒಂದು ಶನಿವಾರ. ಎರಡು ಗಂಟೆ ಕೆಸರು ತುಳಿದು, ಬೆಳಗ್ಗೆ ಏಳಕ್ಕೇ ಬಂದು, ಹಬೆ ರೈಲಿನ ಫೋಟೋ ತೆಗೆಯಲು ಹಳಿಯ ಈ ತಿರುವಿನಲ್ಲಿ ನಿಂತಿದ್ದಳು.

"ಮೊದಲು ಬಂದವಳು ನಾನು. ನಾನ್ಯಾಕೆ ಸರೀಲಿ?"

ಮೇಲೆ ನಗು ಕೇಳಿಸಿತು. ಅಷ್ಟರಲ್ಲಿ ಒಬ್ಬ ಟ್ರೈಪಾಡ್ ಹೊತ್ತು ಇಳಿದು ಬಂದ.

"ತಳ್ಳೋಕೆ ಬಂದ್ರಾ?"

"ಅಯ್ಯೋ ಇಲ್ಲ... ಪಕ್ಕದಲ್ಲಿ ನಿಲ್ಲಬಹುದಾ ಅಂತ ಕೇಳೋಕೆ."

ಅವನು ಫರ್ಗಸ್. ಮಲೇಗ್ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ಮೂರು ಶನಿವಾರ ಜೊತೆಗೇ ನಿಂತರು. ಒಂದೇ ಫ್ಲಾಸ್ಕಿನ ಚಹಾ ಕುಡಿದರು, ಬೆಳಕಿನ ಬಗ್ಗೆ ಜಗಳವಾಡಿದರು.

'ನಲವತ್ತರಲ್ಲಿ ಇದೇನು ಹುಚ್ಚು!' ಎಂದು ಅವಳು ತನ್ನನ್ನೇ ಬೈದುಕೊಂಡಳು.

ಆಮೇಲೆ, ಕ್ಲಬ್ಬಿಗೆ ಸೇರಲು ಅವಳು ಹಾಕಿದ್ದ ಅರ್ಜಿಗೆ ಉತ್ತರ ಬಂತು. ಸದಸ್ಯತ್ವ ಇಲ್ಲ! ಫೋನ್ ಮಾಡಿದರೆ ಹೇಮಿಶ್ ನಕ್ಕ.

"ಫರ್ಗಸ್‌ನನ್ನೇ ಕೇಳು. ನಿನ್ನ ವಿಷಯವಾಗಿ ಉದ್ದದ ಪತ್ರ ಬರೆದಿದ್ದಾನೆ."

ಅವನೂ ಅವರಲ್ಲೊಬ್ಬನೇ...?

ರಾತ್ರಿಯೆಲ್ಲ ಅತ್ತಳು. ಆದರೆ ಶನಿವಾರ ಅದೇ ಜಾಗದಲ್ಲಿ ನಿಂತಿದ್ದಳು. ಬಿಟ್ಟುಕೊಡಲು ಅವಳೇನು ತಪ್ಪು ಮಾಡಿದ್ದಳು?

ಫರ್ಗಸ್ ಬಂದ.

"ಏನಂತ ಬರೆದೆ ನನ್ನ ಬಗ್ಗೆ?"

ಅವನ ಮುಖ ಕೆಂಪಾಯಿತು. "ಅವಳಿಗೆ ಜಾಗ ಇಲ್ಲದ ಕ್ಲಬ್ಬಲ್ಲಿ ನಾನೂ ಇರಲ್ಲ ಅಂತ. ಹದಿನಾರು ವರ್ಷದ ಸದಸ್ಯತ್ವ ಬಿಟ್ಟೆ."

ಅವಳು ಅವನ ಕಡೆಗೆ ತಿರುಗಿದಳು.

"ಇಷ್ಬೆಲ್, ಇನ್ನೊಂದು ವಿಷಯ... ನಾನು ನಿನ್ನನ್ನ..."

"ತಡಿ! ರೈಲು ಬಂತು!"

ಹಬೆ ಎಂಜಿನ್ ತಿರುವಿನಲ್ಲಿ ಹೊಗೆ ಕಾರುತ್ತ ಬಂತು. ಅವಳು ಕ್ಲಿಕ್ಕಿಸಿದಳು. ಕೊನೆಯ ಬೋಗಿ ದಾಟುವವರೆಗೂ ಅವನು ಪಾಪ, ಕಾದ.

"ಈಗ ಹೇಳು."

"ನೀನಂದ್ರೆ ನಂಗಿಷ್ಟ."

"ಗಾಳಿ. ಕೇಳಿಸ್ಲಿಲ್ಲ."

ಫರ್ಗಸ್ ಕ್ಲಬ್ಬಿನವರು ನಿಂತಿದ್ದ ದಿಬ್ಬದ ಕಡೆ ನೋಡಿದ. ಕೈಗಳನ್ನು ಬಾಯಿಗೆ ಅಡ್ಡ ಹಿಡಿದ.

"ಇಷ್ಬೆಲ್! ನೀನಂದ್ರೆ ನಂಗೆ ಪ್ರಾಣ!"

ಮೇಲೆ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಹೇಮಿಶ್‌ನ ಬಾಯಿ ತೆರೆದೇ ಇತ್ತು.

"ಮೊದಲ ಸಲಾನೇ ಕೇಳಿಸಿತ್ತು ಕಣೋ," ಎಂದಳು ಕಣ್ಣೊರೆಸಿಕೊಳ್ಳುತ್ತ.

"ಗೊತ್ತು. ಅವರಿಗೆ ಕೇಳಿಸಿರಲಿಲ್ಲವಲ್ಲ!"

"ಹಾಗಾದ್ರೆ ನನ್ನ ಉತ್ತರಾನೂ ಕಣ್ತುಂಬ ನೋಡ್ಕೊಳ್ಳಲಿ!"

ಅವನ ಕೋಟಿನ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.