ಗೋತ್ರಿಯ ಆರೈಕೆಮನೆಯ ಮಧ್ಯಾಹ್ನ

ನನ್ನ ಗಂಡ ಶೇಷಗಿರಿ ವಡೋದರಾದ ಉಡುಪಿ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರಿಂದ ಒಂದು ಮಾತೂ ಹೊರಡಲಿಲ್ಲ. ರೋಗ ಮತ್ತೆ ಹಬ್ಬಿದಾಗ ಡಾಕ್ಟರು, "ಇನ್ನು ನೋವಾಗದಂತೆ ನೋಡಿಕೊಳ್ಳೋದಷ್ಟೇ" ಎಂದರು. ಅದೇ ಊರಿನ ಗೋತ್ರಿ ಬಡಾವಣೆಯಲ್ಲಿ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆರೈಕೆಮನೆಗೆ ಕರೆತಂದೆ.

ಅಲ್ಲಿನ ಮಧ್ಯಾಹ್ನಗಳು ನೀರಿನಡಿ ಕೂತಂತಿರುತ್ತಿದ್ದವು. ಅವತ್ತು ಅವರ ಕೈ ಹಿಡಿದೇ ತೂಕಡಿಸಿದ್ದೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಎಂದಿತು. ಮತ್ತೊಮ್ಮೆ ಕೇಳಿತು. ಆ ಕಟ್ಟಡದಲ್ಲಿ ಅಡುಗೆಮನೆಯೇ ಇಲ್ಲ. ಎಷ್ಟೋ ದಿನದಿಂದ ತಣ್ಣಗಿದ್ದ ಅವರ ಅಂಗೈ, ಆಗಷ್ಟೇ ಒಲೆಯ ಮುಂದಿನಿಂದ ಎದ್ದು ಬಂದಂತೆ ಬಿಸಿಯಾಗಿತ್ತು. ನನಗೆ ಹೆದರಿಕೆಯಾಗಲಿಲ್ಲ, ಹಸಿವಾಯಿತು.

ಕಣ್ಣು ಬಿಟ್ಟಾಗ ಅವರ ಉಸಿರು ನಿಂತಿತ್ತು.

ಕೂಗಿದೆ. ನರ್ಸ್ ಜಿಗ್ನಾ ಪಕ್ಕದ ಕೋಣೆಯಿಂದ ಬಂದು ನಾಡಿ ನೋಡಿದಳು, ಅವರ ಕಣ್ಣು ಮುಚ್ಚಿದಳು. ಗುಜರಾತಿ ಹುಡುಗಿ, ಕನ್ನಡದ ಗಂಧವಿಲ್ಲ. ನನ್ನ ಬೆನ್ನು ಸವರುತ್ತಾ ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು: "ಗಿರಿಜಾಬೆನ್, 'ಉಂಬುಕ್ ಬಾ' ಮತ್ಲಬ್ ಕ್ಯಾ?"

ಅದು ನಮ್ಮ ಕುಂದಾಪುರದ ಮಾತು, ಅಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಬರುತ್ತಿರಲಿಲ್ಲ. "ಊಟಕ್ಕೆ ಬಾ ಅಂತ. ಯಾರು ಹೇಳಿದ್ದು?"

"ಪಕ್ಕದ ಕೋಣೆಯ ಅಜ್ಜಿ, ಸವಿತಾಬಾ. ಯಾರೋ ಬಾಗಿಲಲ್ಲಿ ನಿಂತು ಹಾಗೆ ಕರೆದರಂತೆ. ಎದ್ದು ಹೋಗಿ ಕೈ ತೊಳೀತಿದ್ದಾರೆ."

ಸವಿತಾಬಾ ಹಾಸಿಗೆ ಬಿಟ್ಟು ಏಳದೆ ತಿಂಗಳೇ ಆಗಿತ್ತು. ಗೋಡೆಯಾಚೆ ನಲ್ಲಿ ಸುರಿಯುವುದು ನನಗೂ ಕೇಳಿಸುತ್ತಿತ್ತು.