ಕಿರಿಹಾರಾ ಗೇಟ್, ಮಧ್ಯಾಹ್ನ 2.49

2024ರ ಸೆಪ್ಟೆಂಬರ್ 10, ಮಂಗಳವಾರ ಬೆಳಿಗ್ಗೆ 10.20ಕ್ಕೆ ಜಪಾನಿನ ಕುಮಾಮೊತೊ ನಗರದ ಪೂರ್ವದ ಅಂಚಿನ ಠಾಣೆಗೆ ಮಿಸುಮಿ ಕಿನುಯೊ ಎಂಬ ಅರವತ್ತೊಂದು ವರ್ಷದ ಹೆಂಗಸು ತಮ್ಮ ಟೋಲ್ ಕಾರ್ಡಿನ ತಿಂಗಳ ಲೆಕ್ಕದ ಹಾಳೆ ಹಿಡಿದುಕೊಂಡು ಬಂದರು. ಅದೇ ಹೊತ್ತಿಗೆ, ಠಾಣೆಯಿಂದ ಆರು ಕಿಲೋಮೀಟರ್ ಆಚೆ, ಉರಾತಾ ಎಂಬುವನು ಬಾಡಿಗೆ ಕಾರುಗಳನ್ನು ತೊಳೆಯುತ್ತ ತಿಂಗಳ ಮೂರನೇ ಶನಿವಾರಕ್ಕೆ ಎಷ್ಟು ದಿನ ಉಳಿದಿದೆಯೆಂದು ಎಣಿಸುತ್ತಿದ್ದ. ಮೂರನೇ ಶನಿವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಅವನು ತನ್ನ ಆರು ವರ್ಷದ ಮಗಳು ನಾಗಿಯನ್ನು ನೋಡಬಹುದು. ವಿಚ್ಛೇದನದ ನಂತರ ನ್ಯಾಯಾಲಯ ಕೊಟ್ಟಿದ್ದು ಅಷ್ಟೇ. ಆ ವರ್ಷ ಆಗಲೇ ಮೂರು ಸಲ ತಪ್ಪಿತ್ತು. ನಾಲ್ಕನೇ ಸಲ ತಪ್ಪಿದರೆ ಅದೂ ಇಲ್ಲ.

ಠಾಣೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಠಾಣೆಗೆ ಬಂದದ್ದು ಕಿನುಯೊ ಅವರ ಗಂಡನ ಅನುಮಾನ.

"ಆಗಸ್ಟ್ ಹದಿನೇಳಕ್ಕೆ ಕಿರಿಹಾರಾಗೆ ಯಾರ ಜೊತೆ ಹೋಗಿದ್ದೆ ಅಂತ ಕೇಳ್ತಿದ್ದಾರೆ ಸಾರ್ ನಮ್ಮನೆಯವರು."

"ಯಾರ ಜೊತೆ ಹೋಗಿದ್ರಿ?" ಇನ್‌ಸ್ಪೆಕ್ಟರ್ ಕುವಾಜುರು ಕೇಳಿದರು.

"ಹೋಗೇ ಇಲ್ಲ! ಅವತ್ತು ಸೊಂಟ ಹಿಡ್ಕೊಂಡು ಮನೇಲಿ ಬಿದ್ಕೊಂಡಿದ್ದೆ. ಪಕ್ಕದ ರೂಮಲ್ಲಿ ಇವರೇ ಗೊರಕೆ ಹೊಡೀತಿದ್ರು. ಈಗ ನೋಡಿದ್ರೆ ನಂಗೇ ಪಾಠ ಹೇಳ್ತಾರೆ."

ಕಂಪ್ಯೂಟರಿನ ಹಿಂದೆ ಕಾನ್‌ಸ್ಟೇಬಲ್ ಇಸೊಬೆ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ.

ನಡೆದದ್ದು ಇಷ್ಟು. ಹಿರಿಯರನ್ನು ನೆನೆಯುವ ಓಬೊನ್ ಹಬ್ಬದ ರಜೆಗೆ ಕಿನುಯೊ ಮತ್ತು ಅವರ ಮೂವರು ಶಾಲಾ ಗೆಳತಿಯರು ಕುಸಬಾ ಎಂಬ ಬಾಡಿಗೆ ಕಾರಿನ ಅಂಗಡಿಯಲ್ಲಿ ಒಂದು ಕಾರು ಹಿಡಿದು ಬೆಟ್ಟ, ಬಿಸಿನೀರಿನ ಬುಗ್ಗೆ ಎಂದು ನಾಲ್ಕು ದಿನ ಸುತ್ತಿದ್ದರು. ಟೋಲ್ ಗೇಟಿನಲ್ಲಿ ನಿಲ್ಲುವ ತಾಪತ್ರಯ ಬೇಡವೆಂದು ತಮ್ಮ ಮನೆಯ ಕಾರ್ಡನ್ನೇ ಕಾರಿನೊಳಗಿನ ಟೋಲ್ ಯಂತ್ರಕ್ಕೆ ತೂರಿಸಿದ್ದರು. ಆಗಸ್ಟ್ 16ರ ಸಂಜೆ ಐದಕ್ಕೆ ಟ್ಯಾಂಕು ತುಂಬಿಸಿ, ಕಾರು ಒಪ್ಪಿಸಿ, ಕಾರ್ಡನ್ನು ಅಲ್ಲೇ ಮರೆತು ಮನೆಗೆ ಹೋದರು.

"ಎಂಜಿನ್ ಆರಿಸಿದಾಗ ಯಂತ್ರದ ಹೆಂಗಸು 'ಕಾರ್ಡ್ ಉಳಿದಿದೆ' ಅಂತ ಹೇಳಲಿಲ್ವಾ?"

"ಹೇಳಿರ್ತಾಳೆ ಸಾರ್. ಕಾರಲ್ಲಿ ನಾವೇ ನಾಲ್ಕು ಜನ ಹೆಂಗಸರು. ಐದನೇವಳ ಮಾತು ಯಾರಿಗೆ ಕೇಳುತ್ತೆ?"

20ನೇ ತಾರೀಖು ಅಂಗಡಿಯವರು ವಿನಯದ ಚೀಟಿಯೊಂದನ್ನು ಇಟ್ಟು ಕಾರ್ಡನ್ನು ಅಂಚೆಯಲ್ಲಿ ಕಳಿಸಿದ್ದರು. ಆದರೆ ಹಾಳೆಯಲ್ಲಿ 17ರ ಶನಿವಾರದ ಮುಂದೆ ಕಂಡದ್ದು ಬೇರೆ: ಕುಮಾಮೊತೊದಲ್ಲಿ ಒಳಗೆ 1.12, ಕಿರಿಹಾರಾ ಗೇಟಿನಲ್ಲಿ ಹೊರಗೆ 2.49, ವಾಪಸು ಒಳಗೆ 4.08. ಎಫ್‌ಐಆರ್ ದಾಖಲಾಯಿತು.

"ಸಾರ್, ದರ ನೋಡಿ," ಎಂದ ಇಸೊಬೆ. "ಇದು ಸಣ್ಣ ಎಂಜಿನ್ನಿಗೆ ಕೊಡೋ ಹಳದಿ ನಂಬರ್ ಪ್ಲೇಟಿನ ಕಾರಿಂದು. ಇವರು ತಗೊಂಡಿದ್ದು ದೊಡ್ಡ ಕಾರು. ಯಾರೋ ಕಾರ್ಡ್ ಕಿತ್ಕೊಂಡು ಸ್ವಂತ ಗಾಡಿಗೆ ಹಾಕಿದ್ದಾರೆ."

ಸೆಪ್ಟೆಂಬರ್ 11, ಬೆಳಿಗ್ಗೆ 9.30. ಅಂಗಡಿಯ ಮಾಲೀಕ ಕುಸಬಾ ಮರೆತ ಸಾಮಾನಿನ ಪುಸ್ತಕ ತಂದು ಮೇಜಿನ ಮೇಲಿಟ್ಟ.

"ರಜೆಗೆ ಬಂದೋರು ಮರೀದೆ ಇರೋದು ಹೊಟ್ಟೆ ಒಂದೇ ಸಾರ್. ಕೊಡೆ, ಕನ್ನಡಕ, ಚಪ್ಪಲಿ. ಹೋದ ತಿಂಗಳು ಒಬ್ಬ ಹಲ್ಲಿನ ಸೆಟ್ಟೇ ಬಿಟ್ಟು ಹೋಗಿದ್ದ. ಆದ್ರೆ ನಮ್ಮಲ್ಲಿ ಒಂದು ಸೂಜಿನೂ ಕಳೆಯಲ್ಲ. ತೊಳೆಯೋನು ಉರಾತಾ ಅಂತ ಇದ್ದಾನೆ, ಚಿನ್ನದಂಥ ಮನುಷ್ಯ."

ಪುಸ್ತಕದಲ್ಲಿ ಫೆಬ್ರವರಿಯಿಂದ ಹನ್ನೊಂದು ಟೋಲ್ ಕಾರ್ಡುಗಳಿದ್ದವು. ಇಸೊಬೆ ಹನ್ನೊಂದು ಮನೆಗಳಿಗೂ ಫೋನ್ ಮಾಡಿದ. ಏಳು ಕಾರ್ಡುಗಳಲ್ಲಿ ಏನೂ ಇರಲಿಲ್ಲ. ನಾಲ್ಕರಲ್ಲಿ ಒಂದೊಂದು ಪ್ರಯಾಣ ಹೆಚ್ಚಿತ್ತು: ಫೆಬ್ರವರಿ 17, ಏಪ್ರಿಲ್ 20, ಮೇ 18, ಆಗಸ್ಟ್ 17. ಅದೇ ಗೇಟು, ಹೆಚ್ಚುಕಡಿಮೆ ಅದೇ ಹೊತ್ತು. ಕಿನುಯೊ ಬಿಟ್ಟು ಉಳಿದ ಮೂವರು ಗಮನಿಸಿಯೇ ಇರಲಿಲ್ಲ.

"ರಜೆ ಲೆಕ್ಕ ಯಾರು ನೋಡ್ತಾರೆ ಸ್ವಾಮಿ?" ಎಂದ ಒಸಾಕಾದವನೊಬ್ಬ. "ನೋಡಿದ್ರೆ ಹೋಗಿ ಬಂದಿದ್ದೆಲ್ಲ ದಂಡ ಅನ್ಸುತ್ತೆ."

ನಾಲ್ಕೂ ದಿನ ತಿಂಗಳ ಮೂರನೇ ಶನಿವಾರ. ನಾಲ್ಕೂ ಕಾರ್ಡು ಸಿಕ್ಕಿದ್ದು ಉರಾತಾಗೆ; ಅವನು ನಾಲ್ಕನ್ನೂ ಸೋಮವಾರ ತಂದು ಒಪ್ಪಿಸಿದ್ದ. ಶನಿವಾರ ಅವನ ಕೆಲಸ ಒಂದು ಗಂಟೆಗೆ ಮುಗಿಯುತ್ತಿತ್ತು. ಅವನಲ್ಲಿ ಹಳದಿ ಪ್ಲೇಟಿನ ಹಳೇ ಬಿಳಿ ಕಾರೊಂದಿತ್ತು.

"ಶನಿವಾರ ಸ್ವಲ್ಪ ಬೇಗ ಬಿಡಿ ಅಂತ ಯಾವಾಗಾದ್ರೂ ಕೇಳಿದ್ನಾ?" ಕುವಾಜುರು ಕುಸಬಾನನ್ನು ಕೇಳಿದರು.

"ಕೇಳಿದ್ದ. ಕಿರಿಹಾರಾದಲ್ಲಿ ಮಗಳನ್ನ ನೋಡೋಕೆ ಹೋಗ್ಬೇಕು ಅಂದ. ಆಗಲ್ಲ ಅಂದೆ. ಶನಿವಾರ ಬೆಳಿಗ್ಗೆ ಎಲ್ರೂ ರಜೆ ಶುರು ಮಾಡೋದು ಸಾರ್. ಕಾರು ತೊಳೀದೆ ಕೊಡಕ್ಕಾಗುತ್ತಾ?"

ಸೆಪ್ಟೆಂಬರ್ 13, ಶುಕ್ರವಾರ. ಕುವಾಜುರು ಮತ್ತು ಇಸೊಬೆ ಕಿರಿಹಾರಾಗೆ ಹೋದರು. ಗೇಟಿನಲ್ಲಿ ಹಣ ಕಟ್ಟುವ ಗೂಡಿಲ್ಲ, ಜನರಿಲ್ಲ. ಒಂದು ಅಡ್ಡಕೋಲು, ಒಂದು ಕ್ಯಾಮೆರಾ, 'ಕಾರ್ಡ್ ಮಾತ್ರ' ಎಂಬ ಫಲಕ. ಕಾರ್ಡಿಲ್ಲದವನು ಮುಂದಿನ ಗೇಟಿಗೆ ಹತ್ತೊಂಬತ್ತು ಕಿಲೋಮೀಟರ್ ಹೋಗಿ, ಅಲ್ಲಿ ಮನುಷ್ಯರ ಕೈಗೆ ನಗದು ಕೊಟ್ಟು, ಕೆಳಗಿನ ರಸ್ತೆಯಲ್ಲಿ ಲಾರಿಗಳ ಹಿಂದೆ ತೆವಳುತ್ತ ವಾಪಸು ಬರಬೇಕು. ಇಸೊಬೆ ಹಾಗೇ ಓಡಿಸಿ ನೋಡಿದ. ಮೂವತ್ತೆಂಟು ನಿಮಿಷ ಹಿಡಿಯಿತು.

ಗೇಟಿನಿಂದ ನಾಲ್ಕು ನಿಮಿಷದ ದಾರಿಯಲ್ಲಿ, ದೂರವಾದ ತಂದೆತಾಯಿ ಮಕ್ಕಳನ್ನು ನೋಡುವ ಭೇಟಿ ಕೇಂದ್ರವಿತ್ತು. ಮೇಲ್ವಿಚಾರಕಿ ಠಾಣೆಯ ಪತ್ರವನ್ನು ಎರಡು ಸಲ ಓದಿ ಹಾಜರಿ ಪುಸ್ತಕ ತೆರೆದಳು. ಉರಾತಾ ಫೆಬ್ರವರಿ, ಏಪ್ರಿಲ್, ಮೇ, ಆಗಸ್ಟ್ ಬಂದಿದ್ದ. ಮಾರ್ಚ್, ಜೂನ್, ಜುಲೈ 'ಬರಲಿಲ್ಲ' ಎಂದಿತ್ತು.

"ಈ ಮೂರು ತಿಂಗಳು ಬಂದೇ ಇಲ್ವಾ?"

"ಬಂದಿದ್ರು. ಮೂರೂವರೆ ಆಗಿತ್ತು. ಹದಿನೈದು ನಿಮಿಷ ದಾಟಿದ್ರೆ ಮಗೂನ ತಾಯಿ ಜೊತೆ ಕಳಿಸ್ಬೇಕು, ರೂಲ್ಸು. ಜುಲೈಲಿ ಬಾಗಿಲ ಹತ್ರ ನಿಂತ್ಕೊಂಡು ಸುಮ್ನೆ ಅತ್ತುಬಿಟ್ರು ಪಾಪ."

"ಹೊತ್ತು ಬದಲಾಯಿಸೋಕೆ ಆಗಲ್ವಾ?"

"ಆ ರೂಮಿಗೆ ನಲವತ್ತು ಮಕ್ಕಳಿದ್ದಾರೆ ಸಾರ್."

ಇಸೊಬೆ ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟ. ಯಾರೋ ಅಪರಿಚಿತರು ಕಾರ್ಡು ಮರೆತ ತಿಂಗಳು ಅಪ್ಪ ಮಗಳನ್ನು ನೋಡಿದ್ದ. ಯಾರೂ ಮರೆಯದ ತಿಂಗಳು ನೋಡಿರಲಿಲ್ಲ.

ಆ ಸಂಜೆ ಕುವಾಜುರು ಕಿನುಯೊಗೆ ಫೋನ್ ಮಾಡಿ ವಿಷಯ ತಿಳಿಸಿದರು.

"ಅಯ್ಯೋ, ನಂಗೆ ದೂರೂ ಬೇಡ ಏನೂ ಬೇಡ. ವಾಪಸ್ ತಗೋತೀನಿ. ಕಿರಿಹಾರಾಗೆ ನಾನೇ ಹೋಗಿದ್ದೆ ಅಂತ ಬರ್ಕೊಳ್ಳಿ."

"ನಿಮ್ಮ ಯಜಮಾನ್ರು?"

"ಯಾರೋ ಇದ್ದಾನೆ ಅಂದ್ಕೊಳ್ಳಲಿ ಬಿಡಿ. ಈ ವಯಸ್ಸಲ್ಲಿ ಅದೂ ಒಂದು ಮರ್ಯಾದೆನೇ."

ಕುವಾಜುರು ನಗಲಿಲ್ಲ. ಬೇರೆಯವರ ಕಾರ್ಡು ತೋರಿಸಿ ಗೇಟಿನ ಯಂತ್ರಕ್ಕೆ ಮೋಸ ಮಾಡುವುದು ದೊಡ್ಡ ಅಪರಾಧ. ಅದಕ್ಕೆ ದೂರುದಾರರು ಬೇಕೆಂದೇ ಇಲ್ಲ. ಯಂತ್ರಕ್ಕಾದ ಮೋಸವನ್ನು ಮನುಷ್ಯರು ಮನ್ನಿಸುವಂತಿಲ್ಲ. ಕಾನೂನು ಹಾಗೆ ಬರೆದಿದೆ. ಬರೆದವನು ಯಾವತ್ತೂ ಆ ಅಡ್ಡಕೋಲಿನ ಮುಂದೆ ಜೇಬಲ್ಲಿ ದುಡ್ಡಿಟ್ಟುಕೊಂಡು ಒದ್ದಾಡಿದವನಲ್ಲ.

ಠಾಣಾಧಿಕಾರಿ ಕಡತ ತಿರುವಿ ಹಾಕಿದರು.

"ಕ್ಯಾಮೆರಾ ಚಿತ್ರ?"

"ಆಗಸ್ಟಿಂದು ಒಂದೇ ಉಳಿದಿದೆ. ಮಳೇಲಿ ನಂಬರ್ ಕಾಣ್ತಿಲ್ಲ."

"ಹಾಗಾದ್ರೆ ಮಾಡ್ತಿರೋವಾಗ್ಲೇ ಹಿಡೀರಿ. ಇಸೊಬೆ, ನಿನ್ನ ಹತ್ರ ಟೋಲ್ ಕಾರ್ಡ್ ಇದೆಯಲ್ಲ? ಗುರುವಾರ ಹೋಗಿ ಒಂದು ಕಾರು ಬಾಡಿಗೆ ತಗೋ. ವಾಪಸ್ ಕೊಡೋವಾಗ ಮರ್ತು ಬಾ."

"ಸಾರ್, ಈ ತಿಂಗಳು ಅಲ್ಲಿ ಇನ್ನೂ ಯಾರೂ ಮರ್ತಿಲ್ಲ," ಎಂದರು ಕುವಾಜುರು. "ನಾವು ಇಡದಿದ್ರೆ ಅವನು ತಪ್ಪು ಮಾಡೋದೇ ಇಲ್ಲ."

"ನಾಲ್ಕು ಸಲ ಮಾಡಿದ್ದಾನಲ್ಲ?"

"ನಾಲ್ಕು ಗಂಟೆ ತನಕ ಬಿಟ್ಟು, ಆಮೇಲೆ ಹಿಡಿಯೋಣ. ಒಂದು ಗಂಟೆ ಅಷ್ಟೇ."

"ಆರೋಪಿ ಅಂತ ಗೊತ್ತಿದ್ದೂ ಮಗು ಇರೋ ರೂಮಿಗೆ ಬಿಟ್ಟು, ಏನಾದ್ರೂ ಆದ್ರೆ? ನಾಳೆ ಪೇಪರಿಗೆ ಉತ್ತರ ನೀನು ಕೊಡ್ತೀಯಾ ನಾನು ಕೊಡ್ಲಾ?"

ಕುವಾಜುರು ಕಡತ ಎತ್ತಿಕೊಂಡು ಹೊರಬಂದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸುಮ್ಮನಾಗುವುದನ್ನು ಚೆನ್ನಾಗಿ ಕಲಿತಿದ್ದರು.

ಸೆಪ್ಟೆಂಬರ್ 19ರ ಸಂಜೆ ಇಸೊಬೆ ಬಾಡಿಗೆ ಕಾರನ್ನು ಒಪ್ಪಿಸಿ ಎಂಜಿನ್ ಆರಿಸಿದ. 'ಕಾರ್ಡ್ ಉಳಿದಿದೆ' ಎಂದಳು ಯಂತ್ರದ ಹೆಂಗಸು. ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಬಾಗಿಲು ಹಾಕಿಕೊಂಡು ಹೊರಟ.

ಶುಕ್ರವಾರ ಇಡೀ ದಿನ ಇಬ್ಬರೂ ಒಂದೇ ಫೋನಿಗೆ ಕಾದರು. ಮರೆತ ಕಾರ್ಡು ಸಿಕ್ಕಿತೆಂದು ಅಂಗಡಿಯಿಂದ ಒಂದು ಕರೆ ಬಂದಿದ್ದರೆ ಸಾಕಿತ್ತು.

"ಕೊಟ್ಟುಬಿಡೋ ಮಾರಾಯ," ಎಂದು ಇಸೊಬೆ ಗೋಡೆಗೆ ಹೇಳಿದ.

ಕರೆ ಬರಲಿಲ್ಲ.

ಸೆಪ್ಟೆಂಬರ್ 21, ಶನಿವಾರ. ಮಧ್ಯಾಹ್ನ 2.49ಕ್ಕೆ ಬಿಳಿ ಕಾರು ಕಿರಿಹಾರಾ ಗೇಟಿಗೆ ಬಂತು. ಅಡ್ಡಕೋಲು ಎದ್ದಿತು. 2.50ಕ್ಕೆ ಇಸೊಬೆ ಕೈ ಅಡ್ಡ ಹಿಡಿದ. ಕಾರಿನಿಂದ ಇಳಿದವನು ಮೂವತ್ತನಾಲ್ಕು ವರ್ಷದ ಸಣಕಲು ಮನುಷ್ಯ; ಕೂದಲನ್ನು ನೀರು ಹಾಕಿ ಬಾಚಿದ್ದ. ಬೆರಳುಗಳು ಸೋಪಿನ ನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು.

"ಉರಾತಾ ಅವರೇ?" ಕುವಾಜುರು ಕೇಳಿದರು.

"ಹೌದು ಸಾರ್."

"ಈ ಕಾರ್ಡ್ ಯಾರದು?"

"ನನ್ನದಲ್ಲ ಸಾರ್."

"ಯಾಕೆ ಹಾಕಿದ್ರಿ?"

"ನಂಗೆ ಕಾರ್ಡ್ ಯಾರೂ ಕೊಡಲ್ಲ ಸಾರ್. ಮೂರು ಕಂಪನಿ ಬೇಡ ಅಂದ್ರು."

"ಠೇವಣಿ ಇಟ್ಟು ತಗೊಳ್ಳೋ ಕಾರ್ಡಿದೆಯಲ್ಲ?"

"ಅರ್ಜಿ ಹಾಕಿದ್ದೆ. ವಿಳಾಸಕ್ಕೆ ದಾಖಲೆ ಇಲ್ಲ ಅಂತ ವಾಪಸ್ ಬಂತು. ನಾನು ಅಂಗಡಿ ಹಿಂದಿನ ರೂಮಲ್ಲಿ ಇರೋದು." ಅವನು ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದ. "ದುಡ್ಡಿದೆ ಸಾರ್. ಪ್ರತಿ ಸಲಾನೂ ಇತ್ತು. ಇಸ್ಕೊಳ್ಳೋಕೆ ಈ ಗೇಟಲ್ಲಿ ಒಂದು ಕೈ ಇಲ್ಲ."

ಯಾರೂ ಇಸ್ಕೊಳ್ಳಲಿಲ್ಲ. ಅದು ಪಂಚನಾಮೆಗೆ ಸೇರಿತು.

"ಸಾರ್, ಒಂದೇ ಗಂಟೆ. ನೀವು ಬಾಗಿಲಲ್ಲೇ ನಿಂತ್ಕೊಳ್ಳಿ. ಇಲ್ಲೇ ಸಾರ್, ನಾಲ್ಕು ನಿಮಿಷ."

"ಗೊತ್ತು," ಎಂದರು ಕುವಾಜುರು. ಆ ಮಾತು ಆಡಬಾರದಿತ್ತೆಂದು ಆಡಿದ ಮೇಲೆ ಅನ್ನಿಸಿತು. ಗೊತ್ತಿದ್ದೂ ಹಿಡಿಯಲು ಬಂದಿದ್ದಾರೆಂದು ಉರಾತಾನಿಗೆ ಅರ್ಥವಾಯಿತು. ಅವನು ಮತ್ತೆ ಬೇಡಲಿಲ್ಲ.

ಪಂಚನಾಮೆ 2.54ಕ್ಕೆ ಶುರುವಾಯಿತು. ಕಾರ್ಡು ಒಂದು. ನೋಟುಗಳು. ಬಣ್ಣದ ಚಿತ್ರಗಳ ಅಂಟುಚೀಟಿ ಒಂದು ಹಾಳೆ. ಗೆಣಸಿನ ಸಿಹಿಗಡುಬು ನಾಲ್ಕು, ಬಿಸಿ ಆರಿಲ್ಲ. 3.02ಕ್ಕೆ ಕೈಕೋಳ.

ಕುವಾಜುರು ಒಬ್ಬರೇ ಭೇಟಿ ಕೇಂದ್ರಕ್ಕೆ ಹೋದರು. ಮೇಲ್ವಿಚಾರಕಿ ಪುಸ್ತಕದ ಮುಂದೆ ಪೆನ್ನು ಹಿಡಿದು ಗಡಿಯಾರ ನೋಡುತ್ತಿದ್ದಳು.

"ಬಂದಿದ್ರು," ಎಂದರು ಕುವಾಜುರು. "ಗೇಟಿನ ತನಕ."

"ಗೇಟಿನ ತನಕ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ ಸಾರ್." ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. 3.15 ಆಗುವ ತನಕ ಕಾದು 'ಬರಲಿಲ್ಲ' ಎಂದು ಬರೆದಳು. ಆ ವರ್ಷದ ನಾಲ್ಕನೆಯದು.

ಒಳಗಿನ ಚಾಪೆಯ ಮೇಲೆ ಎರಡು ಜಡೆಯ ಹುಡುಗಿ ಕೂತಿತ್ತು. ಪೊಲೀಸ್ ಟೋಪಿ ಕಂಡು ಎದ್ದು ಬಂತು.

"ಅಂಕಲ್, ಅಪ್ಪಂಗೆ ಇವತ್ತೂ ಆ ಗೇಟ್ ತೆಗೀಲಿಲ್ವಾ?"

"ತೆಗೀತು ಪುಟ್ಟಿ."

"ಮತ್ತೆ?"

ಕುವಾಜುರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ತಾಯಿ ಬಂದು ಮಗುವಿನ ಚೀಲ ಎತ್ತಿಕೊಳ್ಳುವವರೆಗೂ ಹಾಗೇ ನಿಂತಿದ್ದರು.

ಸೋಮವಾರ ಅಂತಿಮ ವರದಿ ಸಿದ್ಧವಾಯಿತು. 'ಅಪರಾಧದ ಉದ್ದೇಶ' ಎಂಬಲ್ಲಿ ಕುವಾಜುರು 'ಮೂರು ಗಂಟೆಯ ಒಳಗೆ ತಲುಪುವುದು' ಎಂದು ಟೈಪ್ ಮಾಡಿದ್ದರು. ಠಾಣಾಧಿಕಾರಿ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ 'ಟೋಲ್ ತಪ್ಪಿಸುವುದು' ಎಂದು ಬರೆದು ಕಳಿಸಿದರು. ಕುವಾಜುರು ಆ ಹಾಳೆಯನ್ನು ಹೊಸದಾಗಿ ಟೈಪ್ ಮಾಡಿ ಸಹಿ ಹಾಕಿದರು.