ಸಾಂದುವಿನ ಅಂಗಿಯ ಮೇಣ

ಸಾಂದುವಿನ ಹೆಣ ಮೊದಲು ಕಂಡದ್ದು ದ್ರಾಕ್ಷಿ ತೋಟದ ಮುದುಕ ಕಾವಲುಗಾರನಿಗೆ. ತೋಟದ ನಡುವಿನ ಮಣ್ಣು ರಸ್ತೆ. ಅಲ್ಲೊಂದು ಕಪ್ಪು ಕಾರು. ಬಾಗಿಲಿಗೆ ಗುಂಡಿನ ತೂತು. ಡ್ರೈವರ್ ಸೀಟಿನಲ್ಲಿ ಸಾಂದು ಚೊಬಾನು, ಹೊಟ್ಟೆಗೆ ಗುಂಡು ಬಿದ್ದು, ತಲೆ ವಾಲಿಸಿ ಕೂತಿದ್ದ.

ಕಾರು ವಿರ್ಜಿಲ್ ತಾತರಾನುವಿನದು, ಸಾಂದು ಅವನ ಡ್ರೈವರ್. ತಾತರಾನು ಕಳೆದ ರಾಷ್ಟ್ರಪತಿ ಚುನಾವಣೆಯಲ್ಲಿ ಮಣ್ಣು ಮುಕ್ಕಿದ ಮನುಷ್ಯ. ಈ ಸಲ ಮತ್ತೆ ನಿಂತಿದ್ದ. ಅವನ ಸಭೆಗೆ ಬರುತ್ತಿದ್ದವರು ಪುಕ್ಕಟೆ ಸಾಸೇಜು ತಿಂದು, ಭಾಷಣಕ್ಕೆ ಮುಂಚೆಯೇ ಜಾಗ ಖಾಲಿ ಮಾಡುತ್ತಿದ್ದರು. ಈಗ ಯಾರೋ ಅವನ ಕಾರಿಗೆ ಗುಂಡು ಹಾರಿಸಿದ್ದರು. ತಾತರಾನು ತೋಳು ತರಚಿಕೊಂಡು, ಪಕ್ಕದ ಹಳ್ಳಿಗೆ ಓಡಿ, ಪೊಲೀಸರನ್ನು ಕರೆಸಿದ್ದ. ಸಂಜೆಯೊಳಗೆ ಟೀವಿಯ ತುಂಬ ಅವನದೇ ಮುಖ. ಜನ ಅಳುತ್ತಿದ್ದರು. ನಮ್ಮ ಜನಕ್ಕೆ ಅಳು ಬೇಗ ಬರುತ್ತದೆ, ಯಾರಿಗಾಗಿ ಅನ್ನುವುದು ಆಮೇಲಿನ ಮಾತು.

ಇನ್ಸ್‌ಪೆಕ್ಟರ್ ರುಕ್ಸಾಂದ್ರಾ ಹೆಣದ ಬಲಗೈ ನೋಡಿದಳು. ಹೆಬ್ಬೆರಳ ಸಂದಿಯಲ್ಲಿ ಹಳದಿ ಮೇಣ. ಅಂಗಿಯ ತೋಳಿನ ಮೇಲೂ ದಪ್ಪಗೆ ಹನಿದು ಗಟ್ಟಿಯಾಗಿತ್ತು.

"ತಾತ, ಇವನ ಕೈಗೆ ಮೇಣದಬತ್ತಿ ಕೊಟ್ಟಿದ್ದು ನೀನಾ?"

"ಎಲ್ಲಿಂದ ತರ್ಲಿ ಮೇಡಂ? ನಾನು ಬಂದಾಗ್ಲೇ ತಣ್ಣಗಾಗಿದ್ದ. ಜೀವ ಹೋದ್ಮೇಲೆ ಕೊಟ್ಟು ಏನ್ ಬಂತು? ಉಸಿರಿರೋವಾಗ್ಲೇ ಹಚ್ಚಿ ಹಿಡಿಸ್ಬೇಕು."

ಬತ್ತಿಯ ತುಂಡು ಕಾರಿನಲ್ಲೆಲ್ಲೂ ಸಿಗಲಿಲ್ಲ.

*

ಆಸ್ಪತ್ರೆಯ ಮೊಗಸಾಲೆಯಲ್ಲಿ ಸಾಂದುವಿನ ತಾಯಿ ಸಾಫ್ತಾ ರುಕ್ಸಾಂದ್ರಾಳ ಕೈ ಹಿಡಿದುಕೊಂಡಳು. ಯಾರು ಕೊಂದರು ಎಂದು ಕೇಳಲಿಲ್ಲ.

"ಮಗಳೇ, ಸಾಯೋವಾಗ ಅವನ ಕೈಲಿ ದೀಪ ಇತ್ತಾ? ಇಲ್ದೇ ಹೋದ್ರೆ ಅಲ್ಲಿ ಅವನಿಗೆ ದಾರಿ ಕಾಣಲ್ಲ. ಎಂದೆಂದಿಗೂ ಕತ್ಲೇಲಿ ತಡಕಾಡ್ತಿರ್ತಾನೆ."

ಬಾಯಿ ಬಿಟ್ಟರೆ ಮೇಣದ ವಿಷಯ ಟೀವಿಗೆ ಹೋಗುತ್ತದೆ, ಕೊಂದವನು ಎಚ್ಚೆತ್ತುಕೊಳ್ಳುತ್ತಾನೆ. "ವಿಚಾರಿಸ್ತಿದೀನಿ ಅಮ್ಮಾ" ಎಂದಷ್ಟೇ ರುಕ್ಸಾಂದ್ರಾ ಹೇಳಿದಳು. ಆ ಮಾತಿಗೆ ಅವಳಿಗೇ ನಾಚಿಕೆಯಾಯಿತು.

ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. "ನಿಧಾನವಾಗಿ ಸತ್ತಿದಾನೆ. ಆಗ್ಲೇ ಇಲ್ಲಿಗೆ ತಂದಿದ್ರೆ ಉಳೀತಿದ್ದ."

ಅಷ್ಟರಲ್ಲಿ ಪೇದೆ ಗೋಗು ಒಬ್ಬನನ್ನು ಎಳೆದು ತಂದ. ಎದುರು ಪಕ್ಷದ ಪುಂಡ ತೀತಿ. ತಾತರಾನುವಿಗೆ ಒಂದು ಗತಿ ಕಾಣಿಸ್ತೀನಿ ಎಂದು ಹೆಂಡದಂಗಡಿಯಲ್ಲಿ ಕೂಗಾಡಿದ್ದನಂತೆ. ಅವನ ಕೆನ್ನೆ ಬನ್ನಿನಂತೆ ಊದಿತ್ತು.

"ಹಲ್ಲು ಕೀಳಿಸ್ಕೋತಾ ಬಿದ್ದಿದ್ದೆ ಮೇಡಂ! ಡಾಕ್ಟ್ರನ್ನೇ ಕೇಳಿ. ಅವನಿಗೆ ಗುಂಡು ಯಾಕೆ ದಂಡ ಮಾಡ್ಲಿ? ಹೇಗೂ ಸೋಲ್ತಿದ್ನಲ್ಲ!"

ಹಲ್ಲಿನ ಡಾಕ್ಟರು ಹೌದೆಂದರು. ತೀತಿಯನ್ನು ಬಿಟ್ಟುಬಿಟ್ಟರು.

ಹೇಗೂ ಸೋಲುತ್ತಿದ್ದ. ರುಕ್ಸಾಂದ್ರಾಳ ತಲೆಯಲ್ಲಿ ಆ ಮಾತು ನಿಂತುಬಿಟ್ಟಿತು.

*

ಪಕ್ಷದ ಕಚೇರಿಯ ಮುಂದೆ ಈಗ ನೂಕುನುಗ್ಗಲು. ತಾತರಾನು ಎಡತೋಳಿಗೆ ಪಟ್ಟಿ ಕಟ್ಟಿಕೊಂಡು ಎಲ್ಲರ ಕೈ ಕುಲುಕುತ್ತಿದ್ದ. ಗಾಯ ಎಡತೋಳಿಗೆ, ಮುಖ ಹಿಂಡುತ್ತಿದ್ದುದು ಮಾತ್ರ ಬಲಗೈ ಕುಲುಕಿದಾಗ. ರುಕ್ಸಾಂದ್ರಾಳೂ ಸಾಲಿನಲ್ಲಿ ನಿಂತು ಕೈ ಕೊಟ್ಟಳು. ಅವನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ಒಳಗೆ ಕೂತ ಮೇಲೆ ಕೇಳಿದಳು. "ಗುಂಡು ಬಿದ್ದ ತಕ್ಷಣ ಓಡಿದ್ರಿ ಅಲ್ವಾ ಸರ್? ಸಾಂದುನ ಮತ್ತೆ ನೋಡ್ಲೇ ಇಲ್ಲ?"

"ಹಾಗೇ ಬರೆಸಿದೀನಲ್ಲಮ್ಮ."

"ಆದ್ರೆ ಅವನು ಸಾಯೋವರೆಗೂ ಯಾರೋ ಪಕ್ಕದ ಸೀಟಲ್ಲಿ ಕೂತಿದ್ರು. ಅವನ ಕೈಗೆ ಬತ್ತಿ ಹಿಡಿಸಿ, ಅದು ಜಾರದ ಹಾಗೆ ತಾವೂ ಹಿಡ್ಕೊಂಡಿದ್ರು. ಬತ್ತಿ ಬುಡದವರೆಗೂ ಉರೀತು, ಹಿಡಿದವರ ಬೆರಳು ಸುಡ್ತು. ಕೊಲೆಗಾರ ಬೇರೆಯವನಾಗಿದ್ರೆ ಅಷ್ಟು ಹೊತ್ತು ಕೂರ್ತಿರ್ಲಿಲ್ಲ. ದಾರಿಹೋಕ ಆಗಿದ್ರೆ ಊರಿಗೆಲ್ಲ ಹೇಳ್ತಿದ್ದ. ಅವತ್ತು ಬೆಳಿಗ್ಗೆ ಹೊಸ ಚರ್ಚಿನ ಉದ್ಘಾಟನೇಲಿ ನೀವು ಉರೀತಿದ್ದ ಹಳದಿ ಬತ್ತಿ ಆರಿಸಿ ಕೋಟಿನ ಜೇಬಿಗೆ ಹಾಕಿದ್ದನ್ನ ಟೀವಿಲಿ ಇಡೀ ದೇಶ ನೋಡಿದೆ. ಎಲ್ಲಿ ಸರ್ ಆ ಬತ್ತಿ?"

ತಾತರಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ. ಎದ್ದು ಬಾಗಿಲು ಹಾಕಿ ಬಂದ.

"ಅವನಿಗೂ ಎಲ್ಲಾ ಗೊತ್ತಿತ್ತು. ಜನರ ಕನಿಕರ ಗಿಟ್ಟಿಸೋಕೆ ಖಾಲಿ ಕಾರಿಗೆ ಹೊಡೆಯೋದು ಅಂತ ಇಬ್ರೂ ಸೇರೇ ಮಾತಾಡ್ಕೊಂಡಿದ್ವಿ. ನಾನು ಬಳ್ಳಿಗಳ ಹಿಂದೆ ಬಂದೂಕು ಹಿಡಿದು ನಿಂತಿದ್ದೆ. ಆ ಪೆದ್ದ ಸಿಗರೇಟು ಮರೆತೆ ಅಂತ ಆಚೆ ಬಾಗಿಲಿಂದ ಮತ್ತೆ ಒಳಗೆ ಹೋಗಿದಾನೆ. ನಂಗೆ ಕಾಣ್ಲಿಲ್ಲ."

"ಆಸ್ಪತ್ರೆಗೆ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

"ಬದುಕಿದ್ರೆ ಬಾಯಿ ಬಿಡ್ತಿದ್ದ."

"ಮತ್ತೆ ದೀಪ ಯಾಕೆ ಹಚ್ಚಿದ್ರಿ?"

"ಇಷ್ಟು ವರ್ಷ ನನ್ ಕಾರು ಓಡಿಸಿದವನು. ಕತ್ಲೇಲಿ ಹೇಗಮ್ಮ ಕಳಿಸ್ಲಿ?" ಅವನ ದನಿ ನಡುಗಿತು. ಅದು ನಾಟಕವಾಗಿರಲಿಲ್ಲ.

"ಇದನ್ನೆಲ್ಲ ನಾನು ಹೇಳ್ಲೇ ಇಲ್ಲ" ಎಂದು ಅವನು ಮತ್ತೆ ಬಾಗಿಲು ತೆರೆದ. ಹೊರಗೆ ಜೈಕಾರ ಕೇಳಿಸಿತು.

*

ರುಕ್ಸಾಂದ್ರಾ ಎಲ್ಲವನ್ನೂ ಹೇಳಿ ಮುಗಿಸಿದರೂ ಪ್ರಾಸಿಕ್ಯೂಟರ್ ತಲೆ ಎತ್ತಲಿಲ್ಲ. "ಬೆರಳು ಒಲೆ ಮುಂದೆಯೂ ಸುಡುತ್ತೆ. ಮೇಣ ಹಿಡಿದ ಅಂಗಿ ಎಲ್ಲಿದೆ?"

"ನೀವೇ ಹೆಣದ ಜೊತೆ ವಾಪಸ್ ಕೊಡಿಸಿದ್ರಲ್ಲ ಸರ್. ಪರೀಕ್ಷೆ ಆಗೋಕೂ ಬಿಡ್ಲಿಲ್ಲ."

"ಹಾಗಾದ್ರೆ ಹೋಗಿ ತನ್ನಿ. ಸಿಕ್ಕಿದ್ರೆ ನೋಡೋಣ."

ಸಾಂದುವನ್ನು ಅಷ್ಟರಲ್ಲಿ ತೊಳೆದು, ಮದುವೆಯ ಸೂಟು ತೊಡಿಸಿ ನಡುಮನೆಯಲ್ಲಿ ಮಲಗಿಸಿದ್ದರು. ಸಾಫ್ತಾಳ ಮಡಿಲಲ್ಲಿ ಆ ಅಂಗಿ ಇತ್ತು. ತೋಳಿನ ಮೇಣ ಸವರುತ್ತಿದ್ದಳು. ಮುಖ ಅರಳಿತ್ತು.

"ನೋಡು ಮಗಳೇ, ದೀಪ ಇತ್ತು! ಯಾವ ಪುಣ್ಯಾತ್ಮ ಹಿಡಿದನೋ!"

ರುಕ್ಸಾಂದ್ರಾ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಮೇಣ ಸವರುತ್ತಿದ್ದ ಮುದುಕಿಯ ಬೆರಳು ನಿಂತಿತು.

"ಆಸ್ಪತ್ರೆಗೆ ಹೋಗಿದ್ರೆ ಉಳೀತಿದ್ನಾ?"

"ಉಳೀತಿದ್ರು ಅಮ್ಮಾ."

"ಹಾಗಾದ್ರೆ ಅವನೇ ಕೊಂದ."

"ಹೌದು. ಅದಕ್ಕೆ ಇರೋ ಸಾಕ್ಷಿ ಈ ಅಂಗಿ ಒಂದೇ. ಕೊಡಿ ಅಮ್ಮಾ."

"ಕೊಟ್ರೆ ಕೋರ್ಟಲ್ಲಿ ಅವನು ಏನಂತಾನೆ?"

"ನಾನಲ್ಲ ಅಂತಾನೆ."

"ನಾನು ಬತ್ತಿ ಹಚ್ಚೇ ಇಲ್ಲ ಅಂತಾನೆ. ಬೈಬಲ್ ಮುಟ್ಟಿ ಆಣೆ ಮಾಡ್ತಾನೆ. ಇದು ಮೇಣವೇ ಅಲ್ಲ ಅಂತ ವಕೀಲ್ರು ಕೆರೆದು ನೋಡ್ತಾರೆ. ಅವನೂ ತಪ್ಪಿಸ್ಕೋತಾನೆ, ನನ್ ಮಗನ ದೀಪಾನೂ ಹೋಗುತ್ತೆ." ಅಂಗಿಯನ್ನು ಮಡಚಿದಳು. "ಬೇಡ ತಾಯಿ. ನಿಮ್ ನ್ಯಾಯ ನಾನು ಕಂಡಿದೀನಿ. ನಂಗೆ ಉಳಿದಿರೋದು ಇದೊಂದೇ."

ಮಗನ ಕೈಗಳ ಕೆಳಗೆ ಅಂಗಿಯನ್ನಿಟ್ಟಳು. ಬಲವಂತವಾಗಿ ಕಿತ್ತುಕೊಳ್ಳುವ ಅಧಿಕಾರ ರುಕ್ಸಾಂದ್ರಾಳಿಗಿತ್ತು. ಕೈ ಏಳಲಿಲ್ಲ.

*

ಮತದಾನದ ಹಿಂದಿನ ದಿನ ಶವಸಂಸ್ಕಾರ. ತಾತರಾನು ಬಂದ, ಕ್ಯಾಮೆರಾಗಳೂ ಬಂದವು. ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಅವನು ಬಗ್ಗಿ ಸಾಫ್ತಾಳ ಕೈಗೆ ಮುತ್ತಿಟ್ಟ. ಮುದುಕಿ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಬೊಬ್ಬೆಯನ್ನು ಹುಡುಕಿದಳು. ಸಿಕ್ಕಿತು. ಹೆಬ್ಬೆರಳನ್ನು ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹಿಚುಕಿದಳು.

ಕ್ಯಾಮೆರಾಗಳ ಮುಂದೆ ಅವನು ಕೂಗುವ ಹಾಗಿರಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು.

ಡ್ರೈವರನಿಗಾಗಿ ನಾಯಕ ಅತ್ತ ಆ ಚಿತ್ರವನ್ನು ಟೀವಿಯವರು ರಾತ್ರಿಯವರೆಗೂ ತೋರಿಸಿದರು. ನೋಡಿದವರೆಲ್ಲ ಅತ್ತರು. ಭಾನುವಾರ ತಾತರಾನು ಗೆದ್ದ.